ತುಂಗೆಯ ಝೀಬ್ರಾ ಲೋಚ್: ಗುರುತಿಸಿ ಕೊಳ್ಳಿ, ತಿಳಿದು ಸಾಕಿ

ಮಾನ್ಯ ಸಂಪಾದಕರೇ,

ಮನೆಯ ಅಕ್ವೇರಿಯಂನಲ್ಲಿ ಬಸವನಹುಳುಗಳು ಹೆಚ್ಚಾದರೆ ಅವನ್ನು ತಿನ್ನಲು ಒಂದೆರಡು ಲೋಚ್ ಮೀನು (ತೊಟ್ಟಿಯ ತಳದಲ್ಲಿ ಆಹಾರ ಕೆದಕುವ ಮೀನು) ತಂದು ಬಿಡಬೇಕೆಂಬ ಸಲಹೆ ನಿಮ್ಮ ವಾರದ ಪುರವಣಿಯಲ್ಲಿ ಪ್ರಕಟವಾಗಿತ್ತು. ಹುಳು ಹೆಚ್ಚುವುದು ಬಹುಮಟ್ಟಿಗೆ ನಾವು ಹಾಕುವ ಅತಿಯಾದ ಆಹಾರದಿಂದ. ಅದನ್ನು ಕಡಿಮೆ ಮಾಡಿ, ರಾತ್ರಿ ಒಂದು ಸೌತೆಕಾಯಿ ಹೋಳನ್ನು ತೊಟ್ಟಿಯ ತಳಕ್ಕೆ ಇಳಿಸಿ ಬೆಳಿಗ್ಗೆ ಹುಳುಗಳ ಸಮೇತ ಎತ್ತಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಮೀನು ತರುವುದಾದರೆ, ಯಾವ ಲೋಚ್ ಎಂಬುದನ್ನು ಮೊದಲು ತಿಳಿಯಬೇಕು.

ಕಿತ್ತಳೆ ಮೈಯ ಮೇಲೆ ಮೂರು ಕಪ್ಪು ಪಟ್ಟೆಗಳಿರುವ ಕ್ಲೌನ್ ಲೋಚ್ ಅಂಗಡಿಯಲ್ಲಿ ಎರಡಿಂಚಿನ ಮರಿಯಾಗಿ ಸಿಗುತ್ತದೆ. ಸುಮಾತ್ರಾ ಮತ್ತು ಬೋರ್ನಿಯೋ ನದಿಗಳ ಈ ಮೀನು ಒಂದಡಿಯವರೆಗೂ ಬೆಳೆಯಬಲ್ಲದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಸಣ್ಣ ತೊಟ್ಟಿಗೆ ಹೇಳಿದ್ದಲ್ಲ. ಹಾವಿನಂತೆ ಹೊರಳುವ ಕೂಲಿ ಲೋಚ್ ಚಿಕ್ಕದೇ, ಆದರೆ ಬಸವನಹುಳುವಿನ ಗೊಡವೆಗೆ ಅದು ಅಷ್ಟಾಗಿ ಹೋಗುವುದಿಲ್ಲ. ಗೊಂದಲ ಹೆಚ್ಚಾಗಿ ಆಗುವುದು ಯೋಯೋ ಮತ್ತು ಝೀಬ್ರಾ ಲೋಚ್‌ಗಳ ನಡುವೆ. ಯೋಯೋಗೆ ಬೆಳ್ಳಿ ಬಣ್ಣದ ಮೈ, ಅದರ ಮೇಲೆ ಅಗಲವಾದ, ಕವಲೊಡೆದ ಕಪ್ಪು ಗುರುತುಗಳು. ಝೀಬ್ರಾಗೆ ತಿಳಿಹಳದಿ ಮೈ. ಕಡುಕಂದು ಬಣ್ಣದ ಸಣ್ಣ ಗೆರೆಗಳು ಬೆನ್ನಿನಿಂದ ಹೊಟ್ಟೆಯವರೆಗೆ ಒತ್ತೊತ್ತಾಗಿ ಇಳಿದು, ತಲೆಯ ಮೇಲೆ ಮಾತ್ರ ಮೂತಿಯ ಕಡೆಗೆ ಓರೆಯಾಗಿ ಸಾಗುತ್ತವೆ. ಉದ್ದ ಸುಮಾರು ಮೂರು ಇಂಚು.

ಈ ಝೀಬ್ರಾ ಲೋಚ್ ನಮ್ಮ ಹೊಳೆಯ ಮೀನೆಂಬುದು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ ಅವರು ಶಿವಮೊಗ್ಗದ ತುಂಗಾ ನದಿಯಲ್ಲಿ ಸಿಕ್ಕ ಮೀನುಗಳನ್ನು ಆಧರಿಸಿ 1920ರಲ್ಲಿ ಇದಕ್ಕೆ ಬೋಟಿಯಾ ಸ್ಟ್ರಯೇಟಾ ಎಂದು ವೈಜ್ಞಾನಿಕ ಹೆಸರಿಟ್ಟರು. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಿಗೆ ಸೀಮಿತವಾದ ಈ ಮೀನು ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನಲ್ಲಿರುವ ಪ್ರಭೇದವೆಂದು ದಾಖಲಾಗಿದೆ, ಮತ್ತು ಅದಕ್ಕಿರುವ ಅಪಾಯಗಳಲ್ಲಿ ಅಲಂಕಾರಿಕ ಮೀನು ವ್ಯಾಪಾರಕ್ಕಾಗಿ ಹಿಡಿಯುವುದೂ ಒಂದು.

ಹಾಗಾಗಿ ತಂದ ಮೀನನ್ನು ಉಳಿಸಿಕೊಳ್ಳುವ ಹೊಣೆ ಸಾಕುವವರದು. ಒಂಟಿಯಾಗಿ ಬಿಟ್ಟರೆ ಅದು ಅಡಗಿಯೇ ಕೂರುತ್ತದೆ; ಐದಾರಾದರೂ ಜೊತೆಗಿರಬೇಕು, ತೊಟ್ಟಿಯ ಉದ್ದ ಮೂರಡಿಗೆ ಕಡಿಮೆ ಇರಬಾರದು. ತಳಕ್ಕೆ ನುಣುಪಾದ ಮರಳೇ ಆಗಬೇಕು, ಏಕೆಂದರೆ ಚೂಪು ಜಲ್ಲಿಯಲ್ಲಿ ಆಹಾರ ಕೆದಕಿ ಮೀಸೆಗಳು ಸವೆದುಹೋಗುತ್ತವೆ. ಹರಿವಿನ ನೀರಿನ ಮೀನಾದ್ದರಿಂದ ಗಾಳಿ ಚೆನ್ನಾಗಿ ಬೆರೆಯುವ ಫಿಲ್ಟರ್ ಬೇಕು, ಮೇಲೆ ಮುಚ್ಚಳವೂ ಬೇಕು. ದೀಪ ಆರಿಸಿದ ಮೇಲೆ ತಳಕ್ಕಿಳಿಯುವ ಆಹಾರ ಹಾಕದಿದ್ದರೆ, ಮೇಲಿನ ಮೀನುಗಳು ಎಲ್ಲವನ್ನೂ ಮುಗಿಸಿ ಇವಕ್ಕೆ ಉಪವಾಸವೇ ಗತಿ. ಮಗ್ಗುಲಾಗಿ ಮಲಗಿರುವುದನ್ನು ಕಂಡು ಸತ್ತಿತೆಂದು ಎತ್ತಿ ಎಸೆದವರೂ ಇದ್ದಾರೆ; ಅದು ಅದರ ನಿದ್ದೆಯ ಭಂಗಿ. ಕಣ್ಣಿನ ಕೆಳಗಿನ ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಸ್ಥಳಾಂತರಿಸುವಾಗ ಪ್ಲಾಸ್ಟಿಕ್ ಡಬ್ಬಿಯೇ ಮೇಲು.

ಔಷಧದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹುರುಪೆಗಳು ಅತಿ ಸಣ್ಣವಾಗಿದ್ದು ಚರ್ಮ ಮೃದುವಾಗಿರುವ ಈ ಮೀನುಗಳಿಗೆ ಬಿಳಿಚುಕ್ಕೆ ರೋಗ ಬೇಗ ತಗಲುತ್ತದೆ, ಅದಕ್ಕೆ ಹಾಕುವ ತಾಮ್ರದ ಅಥವಾ ಮಲಕೈಟ್ ಗ್ರೀನ್ ಔಷಧವೂ ಪೂರ್ಣ ಪ್ರಮಾಣದಲ್ಲಿ ಬಿದ್ದರೆ ಅಷ್ಟೇ ಬೇಗ ಕೊಲ್ಲುತ್ತದೆ. ಅರ್ಧ ಪ್ರಮಾಣದಿಂದ ಆರಂಭಿಸಿ, ನೀರಿನ ಉಷ್ಣಾಂಶವನ್ನು ನಿಧಾನವಾಗಿ ಏರಿಸುವುದು ಕ್ಷೇಮ. ಹೊಟ್ಟೆ ಒಳಸೇರಿ ಬೆನ್ನು ಚೂಪಾದ ಮೀನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಮಾರಾಟಕ್ಕಿಟ್ಟ ಲೋಚ್ ಹೊಳೆಯಿಂದ ಹಿಡಿದದ್ದೋ ಸಾಕಣೆ ಕೇಂದ್ರದ್ದೋ ಎಂಬುದನ್ನು ತೊಟ್ಟಿಯ ಮೇಲೆ ಬರೆದಿಡುವಂತೆ ಮೀನುಗಾರಿಕೆ ಇಲಾಖೆ ಅಂಗಡಿಗಳಿಗೆ ಸೂಚಿಸಬೇಕೆಂದು ಈ ಮೂಲಕ ಕೋರುತ್ತೇನೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಕೊಳ್ಳುವವರೇ ಕೇಳಬಹುದು.

– ಅಕ್ವೇರಿಯಂ ಹವ್ಯಾಸಿ, ಶಿವಮೊಗ್ಗ