ಕ್ಲಬ್ ನಿಷ್ಠೆ ಕುರುಡಲ್ಲ

ಮಾನ್ಯ ಸಂಪಾದಕರೇ,

ಒಂದೇ ಫುಟ್‌ಬಾಲ್ ಕ್ಲಬ್ಬಿಗೆ ಜೀವನವಿಡೀ ಅಂಟಿಕೊಳ್ಳುವುದು ಕುರುಡು ಅಭಿಮಾನ, ಯಾರ ಪಕ್ಷವನ್ನೂ ವಹಿಸದೆ ಆಟವನ್ನು ಸವಿಯುವುದೇ ಪ್ರಬುದ್ಧತೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2005ರ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ 0–3ರಿಂದ ಹಿಂದಿದ್ದ ಲಿವರ್‌ಪೂಲ್, ಸಮಬಲ ಸಾಧಿಸಿ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದದ್ದನ್ನು ನಿರಾತಂಕವಾಗಿ ಆಸ್ವಾದಿಸಿದವರು ತಟಸ್ಥರೇ ಇರಬೇಕು; ಎದುರಾಳಿ ಎ.ಸಿ. ಮಿಲಾನ್‌ನ ಬೆಂಬಲಿಗರಿಗಂತೂ ಅದರ ಸೊಬಗು ಕಂಡಿರಲಾರದು.

ಆದರೆ ಕ್ಲಬ್ಬುಗಳನ್ನು ಉಳಿಸಿಕೊಂಡು ಬಂದವರು ತಟಸ್ಥರಲ್ಲ. ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸ್ಥಳಾಂತರಿಸಲು 2002ರಲ್ಲಿ ಅನುಮತಿ ದೊರೆತಾಗ, ಬೆಂಬಲಿಗರು ತಾವೇ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ತೀರಾ ಕೆಳಹಂತದ ಲೀಗ್‌ನಿಂದ ಆರಂಭಿಸಿದ ಆ ಕ್ಲಬ್ 2011ರಲ್ಲಿ ಇಂಗ್ಲೆಂಡಿನ ವೃತ್ತಿಪರ ಕ್ಲಬ್ಬುಗಳ ಫುಟ್‌ಬಾಲ್ ಲೀಗ್‌ಗೆ ಬಡ್ತಿ ಪಡೆಯಿತು. 2021ರ ಏಪ್ರಿಲ್‌ನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮಗೆ ಕಾಯಂ ಸ್ಥಾನವಿರುವ ಯುರೋಪಿಯನ್ ಸೂಪರ್ ಲೀಗ್ ಎಂಬ ಪ್ರತ್ಯೇಕ ಟೂರ್ನಿಯನ್ನು ಘೋಷಿಸಿದಾಗ, ಬೀದಿಗಿಳಿದು ಪ್ರತಿಭಟಿಸಿದವರಲ್ಲಿ ಅವೇ ಕ್ಲಬ್ಬುಗಳ ಅಭಿಮಾನಿಗಳೂ ಇದ್ದರು, ಮತ್ತು ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ತಮ್ಮ ಕ್ಲಬ್ಬಿನ ಮಾಲೀಕರನ್ನೇ ಎದುರು ಹಾಕಿಕೊಂಡ ನಿಷ್ಠೆಯನ್ನು ಕುರುಡು ಎನ್ನುವುದು ಹೇಗೆ? ಆಟ ರಂಜಿಸದಿದ್ದರೆ ತಟಸ್ಥ ಪ್ರೇಕ್ಷಕ ಬೇರೊಂದು ಪಂದ್ಯ ನೋಡುತ್ತಾನೆ, ಅದು ತಪ್ಪೂ ಅಲ್ಲ.

ಅಭಿಮಾನದ ಹೆಸರಿನಲ್ಲಿ ನಡೆಯುವ ಜನಾಂಗೀಯ ನಿಂದನೆ, ಹೊಡೆದಾಟಗಳು ಖಂಡನೀಯ. ಅಂಥವರನ್ನು ಕ್ರೀಡಾಂಗಣದಿಂದ ಹೊರಗಿಡಬೇಕು. ಆಟಗಾರರ ವರ್ಗಾವಣೆಯ ಸುದ್ದಿಗೆ ಇಷ್ಟೊಂದು ಜಾಗ ನೀಡುವ ಕ್ರೀಡಾಪುಟಗಳು, ಕ್ಲಬ್ಬಿನ ಮತಾಧಿಕಾರದ ಬಹುಪಾಲನ್ನು ಸದಸ್ಯರ ಕೈಯಲ್ಲೇ ಉಳಿಸುವ ಜರ್ಮನಿಯ '50+1' ನಿಯಮದಂತಹ ವಿಷಯಗಳ ಬಗೆಗೂ ಬರೆಯಲಿ ಎಂದು ಕೋರುತ್ತೇನೆ.

– ಒಬ್ಬ ಓದುಗ