ಮಗುವಿನ ಪಕ್ಕ ಕೂತು ಓದಿಸುವವರಿಗಾಗಿ ಒಂದು ಮನವಿ

ಆತ್ಮೀಯರೇ,

ಮೂರನೇ ತರಗತಿಯ ಒಬ್ಬ ಹುಡುಗ. ಓದು ಎಂದರೆ ಎದ್ದು ನಿಂತು ಗಟ್ಟಿಯಾಗಿ, ಒಂದು ತಪ್ಪೂ ಇಲ್ಲದೆ ಓದುತ್ತಿದ್ದ. ಒಂದು ದಿನ ಟೀಚರ್ ಇನ್ನೂ ಶುರು ಮಾಡದ ಪಾಠವೊಂದನ್ನು ತೆಗೆದು ಮೊದಲ ಸಾಲು ತೋರಿಸಿದರು. ಹುಡುಗ ಸುಮ್ಮನೆ ನಿಂತುಬಿಟ್ಟ. ಅವನಿಗೆ ಅಕ್ಷರಗಳೇ ಗೊತ್ತಿರಲಿಲ್ಲ. ಬೇರೆ ಮಕ್ಕಳು ಓದುವುದನ್ನು ಕೇಳಿ ಕೇಳಿ ಇಡೀ ಪಾಠ ಬಾಯಿಪಾಠ ಮಾಡಿಕೊಂಡಿದ್ದ.

ಅವನು ದಡ್ಡನಲ್ಲ. ಬರೀ ಕೇಳಿಸಿಕೊಂಡು ಪುಟಗಟ್ಟಲೆ ನೆನಪಿಡುವ ಮಗು ದಡ್ಡ ಹೇಗಾಗುತ್ತದೆ? ಕೆಲಸ ಹುಡುಕಿಕೊಂಡು ಅಪ್ಪ ಅಮ್ಮ ಊರಿಂದ ಊರಿಗೆ ಹೋದಾಗ ಕೆಲವು ತಿಂಗಳು ಶಾಲೆ ತಪ್ಪಿತ್ತು. ತರಗತಿಯಲ್ಲಿ ಅಕ್ಷರ ಕಲಿಸಿದ್ದು ಆ ತಿಂಗಳುಗಳಲ್ಲೇ. ವಾಪಸ್ ಬಂದಾಗ ಪಾಠ ಮುಂದೆ ಹೋಗಿತ್ತು. ಮನೆಯಲ್ಲಿ ಹೇಳಿಕೊಡುವವರೂ ಇರಲಿಲ್ಲ.

ಇಂಥ ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಪ್ರಾಥಮಿಕ ಶಾಲೆಗಳ ಜೊತೆ ಕೆಲಸ ಮಾಡುತ್ತದೆ. ನಿಮ್ಮಲ್ಲಿ ದೇಣಿಗೆ ಕೇಳುವುದಕ್ಕೇ ಈ ಪತ್ರ. ಆ ಹಣ ಎಲ್ಲಿಗೆ ಹೋಗುತ್ತದೆ, ಯಾಕೆ ಅಲ್ಲಿಗೇ ಹೋಗಬೇಕು ಅನ್ನುವುದನ್ನು ಮೊದಲು ಹೇಳುತ್ತೇವೆ.

ಶಾಲೆಗೆ ದಾನ ಅಂದ ಕೂಡಲೇ ಬ್ಯಾಗು, ಪುಸ್ತಕ, ಕಂಪ್ಯೂಟರ್ ನೆನಪಾಗುತ್ತವೆ ಅಲ್ವಾ? ಕೊಡುವವರ ಮನಸ್ಸು ದೊಡ್ಡದೇ. ಆದರೆ ಕೀನ್ಯಾದ ಹಳ್ಳಿ ಶಾಲೆಗಳಲ್ಲಿ ಏನಾಯಿತು ನೋಡಿ. ಅಲ್ಲಿ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಕೊಟ್ಟು, ಅದರಿಂದ ಎಷ್ಟು ಉಪಯೋಗವಾಯಿತು ಎಂದು ಸಂಶೋಧಕರು ಅಳೆದು ನೋಡಿದರು. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳ ಅಂಕ ಏರಿತು. ಉಳಿದವರದು ಇದ್ದಲ್ಲೇ ಇತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ತುಂಬಾ ಮಕ್ಕಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಓದಲು ಬಾರದ ಮಗುವಿಗೆ ಮೊದಲು ಬೇಕಾಗಿರುವುದು ಪುಸ್ತಕವಲ್ಲ, ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು.

ಮುಂಬೈನಲ್ಲಿ 1995ರಲ್ಲಿ ಶುರುವಾದ ‘ಪ್ರಥಮ್’ ಸಂಸ್ಥೆ ಮಾಡಿದ್ದು ಇದನ್ನೇ. ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಯುವತಿಯರು ಮೂರನೇ, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15ರಿಂದ 20 ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಓದು, ಲೆಕ್ಕದ ಬುನಾದಿ ಹಾಕಿಕೊಟ್ಟರು. ಅವರೇನೂ ದೊಡ್ಡ ಡಿಗ್ರಿ ಓದಿದವರಲ್ಲ, ಅಲ್ಲಿನವರೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಇದರ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಮಕ್ಕಳ ಕಲಿಕೆ ಸುಧಾರಿಸಿತ್ತು, ಅದರಲ್ಲೂ ತೀರಾ ಹಿಂದಿದ್ದವರದು. ಬ್ಯಾನರ್ಜಿ ಮತ್ತು ಡುಫ್ಲೋ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೀನ್ಯಾದ ಪುಸ್ತಕಗಳ ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಮೈಕಲ್ ಕ್ರೆಮರ್ ಕೂಡ ಅದೇ ಬಹುಮಾನದಲ್ಲಿ ಪಾಲುದಾರರು.

ಹಾಗಂತ ಯಾರನ್ನಾದರೂ ಕರೆದು ಮಗುವಿನ ಪಕ್ಕ ಕೂರಿಸಿದರೆ ಸಾಲದು. ಇಂಗ್ಲೆಂಡಿನಲ್ಲಿ 2011ರಿಂದ ಬಡ ಮಕ್ಕಳ ಸಂಖ್ಯೆ ನೋಡಿ ಶಾಲೆಗಳಿಗೆ ಸರ್ಕಾರ ಹೆಚ್ಚುವರಿ ಹಣ ಕೊಡುತ್ತಿದೆ. ಅದನ್ನು ಹೇಗೆ ಖರ್ಚು ಮಾಡಿದೆವು ಎಂದು ಪ್ರತಿ ಶಾಲೆಯೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಆ ದೇಶದ ಶಾಲೆಗಳ ಅನುಭವದಿಂದ ಕಲಿತ ಒಂದು ಮಾತಿದೆ. ತರಬೇತಿ ಇಲ್ಲದ ಸಹಾಯಕರನ್ನು ಹಿಂದುಳಿದ ಮಕ್ಕಳ ಜೊತೆ ಸುಮ್ನೆ ಕೂರಿಸಿದರೆ ಲಾಭವಿಲ್ಲ. ಆ ಮಕ್ಕಳಿಗೆ ಟೀಚರ್ ಸಿಗುವ ಹೊತ್ತೂ ಕಡಿಮೆಯಾಗುತ್ತದೆ. ಅದೇ ಸಹಾಯಕರಿಗೆ ತರಬೇತಿ ಕೊಟ್ಟು, ಏನು ಕಲಿಸಬೇಕು ಎಂದು ಗೊತ್ತುಮಾಡಿ, ದಿನಾ ಸ್ವಲ್ಪ ಹೊತ್ತು ಕಲಿಸಲು ಬಿಟ್ಟರೆ ಮಕ್ಕಳು ಮುಂದೆ ಬರುತ್ತಾರೆ.

ಆದ್ದರಿಂದ ನಮ್ಮ ಖರ್ಚಿನಲ್ಲಿ ಜಾಸ್ತಿ ಪಾಲು ಕಲಿಸುವವರ ಸಂಬಳಕ್ಕೆ ಮತ್ತು ಅವರ ತರಬೇತಿಗೆ. ಐದಾರು ಮಕ್ಕಳ ಗುಂಪು, ದಿನಾ ಅರ್ಧ ಗಂಟೆ. ಯಾವ ತರಗತಿ ಎಂದು ನೋಡುವುದಿಲ್ಲ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು. ಕೆಲವು ವಾರಕ್ಕೊಮ್ಮೆ ಓದಿಸಿ ನೋಡುತ್ತೇವೆ. ದಾರಿಗೆ ಬಂದ ಮಗು ಗುಂಪು ಬಿಡುತ್ತದೆ, ಆ ಜಾಗಕ್ಕೆ ಇನ್ನೊಂದು ಮಗು. ಆಟದ ಪೀರಿಯಡ್, ಚಿತ್ರ ಬರೆಯುವ ಪೀರಿಯಡ್ ಮಾತ್ರ ನಾವು ಕಿತ್ತುಕೊಳ್ಳುವುದಿಲ್ಲ. ಓದಿನಲ್ಲಿ ಸೋತ ಮಗು ಗೆಲ್ಲುವುದು ಎಷ್ಟೋ ಸಲ ಅಲ್ಲೇ.

ಒಂದು ಸಣ್ಣ ಪಾಲು ಮುಖ್ಯ ಶಿಕ್ಷಕರ ಕೈಯಲ್ಲಿರುತ್ತದೆ. ಹಸಿದು ಬರುವ ಮಗುವಿಗೆ ತಿಂಡಿ, ಶೂ ಇಲ್ಲ ಅಂತ ಮನೆಯಲ್ಲಿ ಉಳಿದವರಿಗೆ ಶೂ, ಪ್ರವಾಸದ ದುಡ್ಡು, ಕಣ್ಣಿನ ಪರೀಕ್ಷೆ. ಚೀನಾದ ಹಳ್ಳಿ ಶಾಲೆಗಳಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಕನ್ನಡಕ ಕೊಟ್ಟಾಗ ಅಂಕಗಳು ಏರಿದ್ದನ್ನು ಅಧ್ಯಯನಗಳು ತೋರಿಸಿವೆ. ಬೋರ್ಡು ಕಾಣದ ಮಗುವನ್ನು ಗಮನವಿಲ್ಲದವನು ಅಂತ ಬೈಯುವುದು ಎಷ್ಟು ಸುಲಭ!

ಈಗ ನಮ್ಮ ಕೋರಿಕೆ. ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ಚಿಕ್ಕ ಮೊತ್ತ ಕೊಟ್ಟರೆ ನಮಗೆ ಹೆಚ್ಚು ಅನುಕೂಲ. ಸಂಬಳ ತಿಂಗಳಿಗೊಮ್ಮೆ ಕೊಡಬೇಕು. ನಡುವೆ ಹಣ ನಿಂತರೆ ಕಲಿಸುವವರು ಬಿಟ್ಟು ಹೋಗುತ್ತಾರೆ, ಅರ್ಧ ಕಲಿತ ಮಗು ಮತ್ತೆ ಹಿಂದಕ್ಕೆ ಬೀಳುತ್ತದೆ. ಎಷ್ಟು ಕೊಡಬೇಕು ಎಂಬುದು ನಿಮಗೆ ಬಿಟ್ಟಿದ್ದು. ವರ್ಷವಿಡೀ ತಪ್ಪದೆ ಕೊಡಲು ಆಗುವಷ್ಟು ಮಾತ್ರ ಬರೆಸಿ.

ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದೂ ಇಲ್ಲ, ಅದು ಆ ಮಕ್ಕಳ ಮರ್ಯಾದೆಯ ಪ್ರಶ್ನೆ. ಬದಲಿಗೆ ರಸೀದಿ ಕೊಡುತ್ತೇವೆ, ವರ್ಷದ ಲೆಕ್ಕ ಕಳಿಸುತ್ತೇವೆ. ಎಷ್ಟು ಮಕ್ಕಳು ಓದಲು ಕಲಿತರು, ಎಷ್ಟು ಮಕ್ಕಳಿಗೆ ಇನ್ನೂ ಆಗಿಲ್ಲ, ಎರಡನ್ನೂ ಅದರಲ್ಲಿ ಬರೆದಿರುತ್ತೇವೆ.

ಕಲಿಸುವವರನ್ನು ಆರಿಸಿ ತರಬೇತಿ ಕೊಡುವ ಕೆಲಸ ಶಾಲೆ ತೆರೆಯುವ ಮೊದಲೇ ಮುಗಿಯಬೇಕು. ದಯವಿಟ್ಟು ರಜೆ ಮುಗಿಯುವುದರೊಳಗೆ ಟ್ರಸ್ಟ್ ಕಚೇರಿಗೆ ನಿಮ್ಮ ನಿರ್ಧಾರ ತಿಳಿಸಿ.

ನಿಮ್ಮ ವಿಶ್ವಾಸಿಗಳು,
ಟ್ರಸ್ಟ್‌ನ ಎಲ್ಲ ಸದಸ್ಯರು