ಅಜ್ಜನ ಫೋಟೊ ಜತೆಗೆ ಅಜ್ಜನ ಕಿರ್ದಿಯೂ ಬೇಕು

ಮಾನ್ಯ ಸಂಪಾದಕರೇ,

ಅಜ್ಜ-ಅಜ್ಜಿಯ ಹೆಸರಿಟ್ಟು ಚಿಕ್ಕದೊಂದು ಬಟ್ಟೆ ಅಂಗಡಿ ತೆರೆಯುವ ಆಸೆ ನಮ್ಮ ಮಂಗಳೂರು-ಉಡುಪಿ ಕಡೆಯ ಯುವಜನರಲ್ಲಿ ಈಗ ಕಾಣುತ್ತಿದೆ. ಅಜ್ಜನ ಜವಳಿ ಅಂಗಡಿಯ ನೆನಪು, ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಚೌಕುಳಿ ಸೀರೆ, ಗೋಡೆಗೊಂದು ಕಪ್ಪು ಬಿಳುಪು ಫೋಟೊ. ಸಂತೋಷದ ಸಂಗತಿಯೇ. ಆದರೆ ಆ ಹಳೆಯ ಅಂಗಡಿಗಳನ್ನು ನಡೆಸಿದ ಎರಡು ವಿದ್ಯೆಗಳು, ಬಟ್ಟೆಯನ್ನು ಮುಟ್ಟಿ ಅಳೆಯುವ ಕೈ ಮತ್ತು ದಿನಾ ಸಂಜೆ ಬರೆಯುವ ಲೆಕ್ಕದ ಪುಸ್ತಕವಾದ ಕಿರ್ದಿ, ಈ ಹೊಸ ಅಂಗಡಿಗಳಲ್ಲಿ ಅಪರೂಪ. ಅದಕ್ಕಾಗಿ ಈ ಪತ್ರ.

ಮೊದಲು ಬಾಗಿಲು ತೆರೆಯುವ ದಿನದ ವಿಚಾರ. ಏಪ್ರಿಲ್ ಮಧ್ಯದ ಬಿಸುವಿಗೋ (ಸೌರ ಯುಗಾದಿ) ಅಕ್ಷಯ ತೃತೀಯಕ್ಕೋ ಪೂಜೆ ಇಟ್ಟುಕೊಂಡರೆ ಮದುವೆ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶಗಳ ಭರಾಟೆಯಲ್ಲಿ ಮೊದಲ ತಿಂಗಳ ವ್ಯಾಪಾರ ಚೆನ್ನಾಗಿಯೇ ಕಾಣುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಜನರ ದುಡ್ಡು ಶಾಲೆ ಫೀಸಿಗೆ, ಯೂನಿಫಾರ್ಮಿಗೆ, ಕೊಡೆಗೆ ಹೋಗುತ್ತದೆ. ಅದರ ಬೆನ್ನಿಗೇ ತುಳುವರ ಆಟಿ ತಿಂಗಳು. ಜುಲೈ ಮಧ್ಯದಿಂದ ಒಂದು ತಿಂಗಳು ಶುಭಕಾರ್ಯವಿಲ್ಲ, ಹೊಸ ಬಟ್ಟೆಯೂ ಇಲ್ಲ. ತೆರೆದ ಮೂರನೇ ತಿಂಗಳಿಗೇ ಬಾಡಿಗೆಯನ್ನು ಕೈಯಿಂದ ಕೊಡುವ ಸ್ಥಿತಿ. ಅದರ ಬದಲು ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಮೇಲೆ, ಆಗಸ್ಟ್ 17ರ ಆಸುಪಾಸಿನಲ್ಲಿ ತೆರೆದರೆ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರ ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತ್, ನವರಾತ್ರಿ, ದೀಪಾವಳಿ, ಕ್ರಿಸ್ಮಸ್ ಒಂದರ ಹಿಂದೊಂದು ಬರುತ್ತವೆ. ಉಡುಪಿ ಪೇಟೆಯವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯ ಉತ್ಸವವೂ ಇದೆ. ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕಳೆದ ವರ್ಷದ ತಾರೀಕು ನಂಬಿ ಮಾಲು ತರಿಸಿದರೆ ಹಬ್ಬ ಮುಗಿದ ಮೇಲೆ ಪಾರ್ಸೆಲ್ ಬಂದೀತು.

ದುಡ್ಡಿನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಕೈಯಲ್ಲಿ 5 ಲಕ್ಷ ರೂಪಾಯಿ ಇದೆ ಎನ್ನಿ. ಅಂಗಡಿಯ ಅಡ್ವಾನ್ಸಿಗೆ 1 ಲಕ್ಷ, ಕಪಾಟು-ದೀಪ-ಬೋರ್ಡಿಗೆ 80 ಸಾವಿರ, ಮೊದಲ ಮಾಲಿಗೆ 1.80 ಲಕ್ಷ, ಮೂರು ತಿಂಗಳ ಖರ್ಚಿಗೆ 90 ಸಾವಿರ, ಉಳಿದ 50 ಸಾವಿರ ಎರಡನೇ ಖರೀದಿಗೆ. ಸಾಮಾನ್ಯವಾಗಿ ಆಗುವುದೇ ಬೇರೆ. ಹಳೆ ಮನೆಯ ಮರದ ಕಂಬ, ಹಿತ್ತಾಳೆ ದೀಪ, ಅಜ್ಜನ ಕಾಲದ ಮೇಜು ಎಂದು ಒಳಾಂಗಣಕ್ಕೇ ಎರಡು ಲಕ್ಷ ಸುರಿದು ಕಪಾಟು ಅರ್ಧ ಖಾಲಿ ಇಟ್ಟುಕೊಳ್ಳುತ್ತಾರೆ. ಬಂದ ಗಿರಾಕಿ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ತಿಂಗಳಿಗೆ ಬಾಡಿಗೆ 12 ಸಾವಿರ, ಒಬ್ಬ ಸಹಾಯಕರ ಸಂಬಳ 12 ಸಾವಿರ, ಕರೆಂಟು-ಚೀಲ-ಸಾಗಾಟ ಇತ್ಯಾದಿಗೆ 6 ಸಾವಿರ ಎಂದಿಟ್ಟುಕೊಂಡರೆ ಒಟ್ಟು 30 ಸಾವಿರ. 600ಕ್ಕೆ ತಂದ ಕುರ್ತಾ 900ಕ್ಕೆ ಮಾರಿದರೆ ಉಳಿಯುವುದು 300. ಅಲ್ಲಿಗೆ ಖರ್ಚು ಹುಟ್ಟಲು 100 ಕುರ್ತಾ ಮಾರಬೇಕು. 26 ದಿನ ಅಂಗಡಿ ತೆರೆದರೆ ದಿನಕ್ಕೆ ನಾಲ್ಕು. ತೆರಿಗೆ ಲೆಕ್ಕ ಇದರಲ್ಲಿ ಬಂದಿಲ್ಲ, ಮಾಲೀಕರ ಊಟದ ಖರ್ಚೂ ಬಂದಿಲ್ಲ. ಇನ್ನು ‘ಆಟಿ ಆಫರ್’ ಎಂದು ಶೇ. 20 ಕಡಿತ ಘೋಷಿಸಿ ನೋಡಿ. ಬೆಲೆ 720ಕ್ಕೆ ಇಳಿಯಿತು, ಉಳಿಯುವುದು 120. ಅದೇ 30 ಸಾವಿರಕ್ಕೆ ಈಗ 250 ಕುರ್ತಾ ಹೋಗಬೇಕು. ಕಡಿತ ಐದರಲ್ಲಿ ಒಂದು ಪಾಲು, ದುಡಿಮೆ ಎರಡೂವರೆ ಪಟ್ಟು. ಉಳಿದುಹೋದ ಬಣ್ಣ, ಅಳತೆಗಳಿಗೆ ಮಾತ್ರ ಕಡಿತ ಇಡಿ. ಇಡೀ ಅಂಗಡಿಗೆ ಇಡಬೇಡಿ. ರೆಡಿಮೇಡ್ ಸಗಟಿನಲ್ಲಿ ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದರಂತೆ ಸೆಟ್ ಕಟ್ಟಿ ಕೊಡುತ್ತಾರೆ. ನಡುವಿನ ಅಳತೆಗಳು ಬೇಗ ಖಾಲಿಯಾಗಿ ತುದಿಯವು ಕೂರುತ್ತವೆ. ಅಂಚಿನ ಅಳತೆ ಬದಲಿಸಿಕೊಡುವ ಸಗಟು ವ್ಯಾಪಾರಿ ಸಿಕ್ಕಿದರೆ ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಅವರಲ್ಲೇ ಕೊಳ್ಳಿ.

ಈಗ ಬಟ್ಟೆ. ಮಾಲು ಬಂದ ಕೂಡಲೇ ದರದ ಚೀಟಿ ಅಂಟಿಸಬಾರದು. ಬಟ್ಟೆಯ ಪ್ರತಿ ಸುರುಳಿಯಿಂದ (ಥಾನು) ಒಂದು ತುಂಡು ಕತ್ತರಿಸಿ, ಅದರ ಮೇಲೆ 50 ಸೆಂ.ಮೀ. ಚೌಕವನ್ನು ಬಣ್ಣ ಬಿಡದ ದಾರದಿಂದ ಗುರುತಿಸಿ, ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕದೆ ಅಳೆಯಿರಿ. 48.5 ಬಂದರೆ ಶೇ. 3 ಕುಗ್ಗಿತು ಎಂದರ್ಥ. ಉದ್ದ ಮತ್ತು ಪನ್ನ (ಅಗಲ) ಬೇರೆ ಬೇರೆ ಕುಗ್ಗುತ್ತವೆ. ಉದ್ದಕ್ಕೆ ಹಾಯುವ ಹಾಸಿನ ನೂಲು ಮಗ್ಗದಲ್ಲಿ ಬಿಗಿಯಾಗಿ ಎಳೆದುಕೊಂಡಿರುವುದರಿಂದ ಸಾಮಾನ್ಯವಾಗಿ ಉದ್ದವೇ ಹೆಚ್ಚು ಕುಗ್ಗುತ್ತದೆ. 42 ಇಂಚು ಉದ್ದದ ಕುರ್ತಾಕ್ಕೆ ಶೇ. 3 ಅಂದರೆ ಒಂದೂಕಾಲು ಇಂಚು. ಅಷ್ಟನ್ನು ಬಿಟ್ಟು ಕತ್ತರಿಸದಿದ್ದರೆ ಮೊದಲ ಒಗೆತದ ಮರುದಿನ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾರೆ.

ಸೀರೆ ಮಾರುವವರಿಗೆ ಇದರಷ್ಟೇ ತಲೆನೋವು ಕೆಳಅಂಚಿನ ಒಳಗೆ ಹಚ್ಚುವ ಪಟ್ಟಿ, ಅಂದರೆ ಫಾಲ್. ಹತ್ತಿ ಫಾಲನ್ನು ನೆನೆಸದೆ ಹಚ್ಚಿದರೆ ಒಗೆದಾಗ ಅದು ಕುಗ್ಗಿ ಸೀರೆಯ ಕೆಳಅಂಚನ್ನು ಎಳೆದುಕೊಳ್ಳುತ್ತದೆ. ನೆರಿಗೆ ನೆಲಕ್ಕೆ ಬೀಳುವುದಿಲ್ಲ, ಅಲೆಅಲೆಯಾಗಿ ಮೇಲೇಳುತ್ತದೆ. ಗಿರಾಕಿ ದೂರುವುದು ಸೀರೆಯನ್ನೇ. ಫಾಲನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಹಚ್ಚಿ. ರವಿಕೆಯ ಲೈನಿಂಗಿಗೂ ಇದೇ ಮಾತು.

ಬಣ್ಣ ಪರೀಕ್ಷೆಗೆ ಒಂದು ಬಿಳಿ ಕರವಸ್ತ್ರ ಸಾಕು. ಒಣಗಿದ್ದರಲ್ಲಿ ಹತ್ತು ಸಲ, ಒದ್ದೆ ಮಾಡಿ ಹತ್ತು ಸಲ ಉಜ್ಜಿ. ಕಡುಗೆಂಪು, ಕಡುನೀಲಿ, ಕಪ್ಪು ಬಟ್ಟೆಗಳಲ್ಲಿ ಇದನ್ನು ತಪ್ಪಿಸಲೇಬೇಡಿ. ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ಗಿರಾಕಿಗೆ ಭರವಸೆ ಕೊಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ನೂಲಿಗೆ ಸರಿಯಾಗಿ ಹತ್ತದ ಬಣ್ಣ ಉಪ್ಪಿಗೆ ಹೆದರುವುದಿಲ್ಲ. ನೂಲು ಯಾವುದೆಂದು ಸಂಶಯ ಬಂದರೆ ನಾಲ್ಕು ಎಳೆ ತೆಗೆದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಜ್ಜಿಯ ಸೀರೆಯನ್ನೇ ಮತ್ತೆ ನೇಯಿಸಬೇಕು ಎನ್ನುವವರಿಗೆ ಎರಡು ಮಾತು ಹೆಚ್ಚು ಹೇಳಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರ ನೇಕಾರರಿಗೆ ಸಾಲದು. ಹಳೆ ಸೀರೆಯನ್ನು ಹಗಲು ಬೆಳಕಿನಲ್ಲಿ ಹಾಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮೈಯ ಚಿತ್ರ ತೆಗೆಯಿರಿ. ಭೂತಗನ್ನಡಿ ಹಿಡಿದು ಒಂದು ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಅಡ್ಡಕ್ಕೆ ನೇಯುವ ಹೊಕ್ಕಿನ ಎಳೆ ಎಷ್ಟು ಎಂದು ಮೂರು ಕಡೆ ಎಣಿಸಿ. ಅಂಚಿನ ಅಗಲ, ಚೌಕುಳಿಯ ಒಂದು ಸುತ್ತಿನಲ್ಲಿ ಯಾವ ಬಣ್ಣದ ಎಷ್ಟು ಎಳೆ ಎಂಬುದನ್ನೂ ಬರೆದುಕೊಳ್ಳಿ. ಬಣ್ಣದ ಬಗ್ಗೆ ಎಚ್ಚರ: ಎದುರು ಕಾಣುವುದು ಐವತ್ತು ವರ್ಷ ಬಿಸಿಲಿಗೆ ಮಾಸಿದ ಬಣ್ಣ. ಸೀರೆಯ ತುದಿಯ ಮಡಿಕೆ ಬಿಚ್ಚಿದರೆ ಅಥವಾ ಅದೇ ಬಟ್ಟೆಯ ರವಿಕೆ ಇದ್ದು ಅದರ ಪಕ್ಕದ ಹೊಲಿಗೆ ಬಿಚ್ಚಿದರೆ, ಒಳಗೆ ಬೆರಳಗಲದಷ್ಟು ಮೂಲ ಬಣ್ಣ ಸಿಗುತ್ತದೆ. ತಿಳಿ ಕಂದು ಎಂದುಕೊಂಡದ್ದು ಅಲ್ಲಿ ಅಡಕೆ ಕೆಂಪಾಗಿರಬಹುದು. ಯಾವುದು ಬೇಕು, ಹೊಸದಿದ್ದಾಗಿನ ಬಣ್ಣವೋ ನೆನಪಿನಲ್ಲಿರುವ ಮಾಸಿದ ಬಣ್ಣವೋ, ಮೊದಲೇ ನಿರ್ಧರಿಸಿ.

ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಉಡುಪಿ ಸೀರೆ ನಮ್ಮ ಜಿಲ್ಲೆಗಳ ಮಗ್ಗದ್ದೇ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿಯಂಥ ಕಡೆ ಹೋಗಿ ಒಂದು ದಿನ ಕೂತು ನೋಡಿದರೆ ಆರ್ಡರ್ ಕೊಡುವ ಕ್ರಮ ತಾನಾಗಿ ತಿಳಿಯುತ್ತದೆ. ಹಾಸು ಒಮ್ಮೆ ಹೂಡಿದರೆ ಹಲವು ಸೀರೆಗಳು ಅದರಲ್ಲೇ ಬರಬೇಕು. ಹಾಗಾಗಿ ‘ಈ ಬಣ್ಣದಲ್ಲಿ ಒಂದೇ ಒಂದು’ ಎನ್ನುವ ಆರ್ಡರ್ ನೇಕಾರರಿಗೆ ನಷ್ಟ. ಹಾಸಿನ ಬಣ್ಣ ಒಂದೇ ಇರಿಸಿಕೊಂಡು ಹೊಕ್ಕಿನ ಬಣ್ಣ ಬದಲಿಸಿದರೆ ಒಂದೇ ಹಾಸಿನಲ್ಲಿ ಮೂರು ನಾಲ್ಕು ಬಗೆ ತೆಗೆಯಬಹುದು. ನೂಲಿನ ಕೌಂಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಂದು ಪೌಂಡ್ ತೂಕಕ್ಕೆ 840 ಗಜ ಉದ್ದದ ನೂಲಿನ ಲಡಿಗಳು ಎಷ್ಟು ಎಂಬುದೇ ಕೌಂಟ್. ಸಂಖ್ಯೆ ಏರಿದಷ್ಟೂ ನೂಲು ಸಪೂರ. ಮಳೆಗಾಲದಲ್ಲಿ ಬಣ್ಣ ಹಾಕಿದ ನೂಲೂ ಹಾಸಿನ ನೂಲಿಗೆ ಕೊಟ್ಟ ಗಂಜಿಯೂ ಒಣಗಲು ತಡ. ಆದ್ದರಿಂದ ನವರಾತ್ರಿಯ ಮಾಲಿಗೆ ಮೇ ತಿಂಗಳಲ್ಲೇ ಹೇಳಿಡಬೇಕು, ಮುಂಗಡವನ್ನೂ ಕೊಡಬೇಕು.

ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗವೆಂದು ಮಾರುವುದು ಅಜ್ಜನ ಹೆಸರಿಗೆ ಬಳಿಯುವ ಮಸಿ. ಕೈಮಗ್ಗದಲ್ಲಿ ಬಟ್ಟೆಯ ಅಗಲ ಕುಗ್ಗದಂತೆ ತುದಿಗೆ ಸೂಜಿಯಿರುವ ಕಡ್ಡಿ ಕೊಟ್ಟು ಹಿಡಿಯುವುದರಿಂದ ಎರಡೂ ಅಂಚಿನಲ್ಲಿ ಸಣ್ಣ ಸೂಜಿ ತೂತುಗಳ ಸಾಲು ಉಳಿದಿರುತ್ತದೆ. ಅದೊಂದು ಗುರುತು, ಆದರೆ ಅದೊಂದೇ ಸಾಲದು. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಕೇಳಿ. ‘ಖಾದಿ’ ಎಂಬ ಪದವನ್ನಂತೂ ಖಾದಿ ಮಾರ್ಕ್ ನೋಂದಣಿಯಿಲ್ಲದೆ ಬೋರ್ಡಿನಲ್ಲಾಗಲಿ ಚೀಟಿಯಲ್ಲಾಗಲಿ ಹಾಕುವಂತಿಲ್ಲ. ಅಜ್ಜಿಯ ಹಳೆ ಸೀರೆಗಳನ್ನೇ ಕತ್ತರಿಸಿ ಕುರ್ತಾ ಹೊಲಿದು ಮಾರುವವರೂ ಇದ್ದಾರೆ. ಮಡಿಕೆಯ ಗೆರೆಯಲ್ಲಿ ಎರಡು ಹೆಬ್ಬೆರಳಿಟ್ಟು ಎಳೆಯಿರಿ. ಪರ್ ಎಂದು ಹರಿದರೆ ಅದು ಹೊಲಿಯುವ ಬಟ್ಟೆಯಲ್ಲ, ಹಾಗೆಯೇ ಮಡಿಸಿಡಿ.

ಕರಾವಳಿಯ ಅಂಗಡಿಗೆ ಮಳೆಗಾಲ ಕಳ್ಳನಿಗಿಂತ ಕಡೆ. ಕಪಾಟನ್ನು ಗೋಡೆಗೆ ತಾಗಿಸದೆ ಮೂರು ನಾಲ್ಕು ಇಂಚು ಬಿಟ್ಟು ನಿಲ್ಲಿಸಿ, ಕೆಳಗಿನ ತಟ್ಟು ನೆಲದಿಂದ ಅರ್ಧ ಅಡಿ ಮೇಲಿರಲಿ. ಹವೆಯ ತೇವ ಅಳೆಯುವ ಸಣ್ಣ ಮಾಪಕವೊಂದು ಗೋಡೆಗಿರಲಿ, ಶೇ. 65-70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಖಂಡಿತ. ಗಂಜಿ ಹಾಕಿದ ಹತ್ತಿ ಸೀರೆಗೆ ಬೂಷ್ಟೂ ಹುಳವೂ ಬೇಗ ಹಿಡಿಯುತ್ತವೆ, ಗಂಜಿಯೇ ಅವಕ್ಕೆ ಆಹಾರ. ಅಂಥ ಮಾಲನ್ನು ಜೂನ್‌ಗೆ ಮೊದಲು ರಾಶಿ ಹಾಕಬೇಡಿ. ಪ್ಲಾಸ್ಟಿಕ್ ಕವರ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಹಳೆ ಹತ್ತಿ ಪಂಚೆ ಸುತ್ತಿಟ್ಟರೆ ಮೇಲು. ಜರಿಗೆ ನುಸಿಗುಳಿಗೆ ತಾಗಬಾರದು, ಕಪ್ಪಾಗುತ್ತದೆ. ಕಬ್ಬಿಣದ ಹ್ಯಾಂಗರಿನ ತುಕ್ಕು ಭುಜದಲ್ಲಿ ಕೂತರೆ ಆ ಬಟ್ಟೆಯನ್ನು ನಷ್ಟದ ಲೆಕ್ಕಕ್ಕೆ ಬರೆದು ಬಿಡಿ. ತಿಂಗಳಿಗೊಮ್ಮೆ ಎಲ್ಲ ಸೀರೆಗಳ ಮಡಿಕೆ ಬದಲಿಸುವುದು ಬೇಸರದ ಕೆಲಸ, ಆದರೆ ಗಿರಾಕಿ ಇಲ್ಲದ ಆಟಿಯಲ್ಲಿ ಮಾಡಲು ಬೇರೇನಿದೆ?

ದೀಪದ ಬಗ್ಗೆಯೂ ಒಂದು ಮಾತು. ಹಳದಿ ಬೆಳಕಿನಲ್ಲಿ ಹಸಿರು ನೋಡಿ ಕೊಂಡವರು ಮನೆಯಲ್ಲಿ ಬಿಚ್ಚಿದಾಗ ನೀಲಿ ಕಂಡು ವಾಪಸು ತರುತ್ತಾರೆ. ಹಳೆ ಅಂಗಡಿಗಳಲ್ಲಿ ಬಟ್ಟೆಯನ್ನು ಬಾಗಿಲ ಬಳಿಗೆ ತಂದು ಹಾಸುತ್ತಿದ್ದದ್ದು ಸುಮ್ಮನೆ ಅಲ್ಲ.

ಕಾಗದಪತ್ರಗಳನ್ನು ಬೇಗ ಮುಗಿಸುತ್ತೇವೆ. ನಗರಪಾಲಿಕೆ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್. ತೆರೆದ 30 ದಿನದೊಳಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರದ ಉದ್ಯಮ್ ನೋಂದಣಿ, ಇದು ಉಚಿತ, ದುಡ್ಡು ಕೇಳುವ ವೆಬ್‌ಸೈಟುಗಳಿಗೆ ಮೋಸ ಹೋಗಬೇಡಿ. ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿ, ಅದೂ ಮೇಲಿನ ಅರ್ಧದಲ್ಲಿ ಇರಬೇಕು. ಅಜ್ಜನ ಹೆಸರನ್ನು ಬೋರ್ಡಿಗೆ ಬರೆಸುವ ಮೊದಲು ಟ್ರೇಡ್‌ಮಾರ್ಕ್ ಪಟ್ಟಿಯ 25 (ಉಡುಪು) ಮತ್ತು 35ನೇ (ವ್ಯಾಪಾರ) ವರ್ಗಗಳಲ್ಲಿ ಆ ಹೆಸರು ಹುಡುಕಿ. ಸಾಲ ಬೇಕಾದವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಇದೆ. ಮೀಟರ್ ಕೋಲಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲಿ. ಅಜ್ಜನ ಗಜಕೋಲು ಗೋಡೆಗೆ ಚಂದ. ಅದರಲ್ಲಿ ಅಳೆದು ಮೀಟರಿನ ದರ ಹಾಕಿದರೆ ಗಿರಾಕಿಗೆ ಮೀಟರಿಗೆ ಎಂಟೂವರೆ ಸೆಂ.ಮೀ. ಕಡಿಮೆ ಬೀಳುತ್ತದೆ.

ಜಿಎಸ್‌ಟಿ ವಿಚಾರದಲ್ಲಿ ಎಡವುವವರು ಹೆಚ್ಚು. ಸರಕು ಮಾತ್ರ ಮಾರುವ ಅಂಗಡಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ತಲಪಾಡಿ ದಾಟಿದರೆ ಕೇರಳ. ಕಾಸರಗೋಡಿನ ಗಿರಾಕಿ ಅಂಗಡಿಗೇ ಬಂದು ಕೊಂಡೊಯ್ದರೆ ತೊಂದರೆಯಿಲ್ಲ. ನೀವು ಪಾರ್ಸೆಲ್ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ, ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ವಹಿವಾಟಿನ ಮೇಲೆ ನೇರವಾಗಿ ಶೇ. 1 ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ತುಂಡೊಂದಕ್ಕೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದರ ಮೇಲಿನದಕ್ಕೆ ಶೇ. 18 ತೆರಿಗೆ. ಸ್ವಲ್ಪ ಕಸೂತಿ ಹೆಚ್ಚು ಮಾಡಿಸಿ 2,600ರ ದರ ಇಡುವ ಮೊದಲು ಈ ಗೆರೆ ನೆನಪಿರಲಿ.

ಕೊನೆಗೆ ಕಿರ್ದಿ. ಅಜ್ಜಂದಿರು ಉದ್ರಿ ಕೊಟ್ಟು ಬದುಕಿದ್ದು ನಿಜ. ಗಿರಾಕಿ ಅದೇ ಊರಿನವರು, ಅಡಕೆ ಮಾರಿದಾಗಲೋ ಬೀಡಿ ಮಜೂರಿ ಸಿಕ್ಕಿದಾಗಲೋ ತಂದು ಕೊಡುತ್ತಿದ್ದರು. ಈಗಿನ ಗಿರಾಕಿ ಬೆಂಗಳೂರಿಂದ ರಜೆಗೆ ಬಂದವರು, ಉದ್ರಿಯ ಪುಸ್ತಕವನ್ನು ತೆರೆಯಲೇಬೇಡಿ. ಆದರೆ ದಿನವಹಿ ಪುಸ್ತಕ ಬೇಕು, ಅದರಲ್ಲಿ ಮೂರು ಸಾಲು: ಏನು ಹೋಯಿತು, ಏನು ವಾಪಸು ಬಂತು ಮತ್ತು ಯಾಕೆ, ಏನು ಕೇಳಿದರು ಮತ್ತು ನಮ್ಮಲ್ಲಿ ಇರಲಿಲ್ಲ. ಮೊದಲ ಸಾಲನ್ನು ಬಿಲ್ ಯಂತ್ರವೂ ಬರೆಯುತ್ತದೆ, ಮೂರನೆಯದನ್ನು ಕೈಯಲ್ಲೇ ಬರೆಯಬೇಕು. ತಿಂಗಳ ಕೊನೆಗೆ ಪುಟ ತಿರುವಿದಾಗ ‘ಡಬಲ್ ಮುಂಡು, ಸಣ್ಣ ಅಂಚು’ ಎಂದು ಒಂಬತ್ತು ಕಡೆ ಬರೆದಿದ್ದರೆ, ಆ 50 ಸಾವಿರದ ಎರಡನೇ ಖರೀದಿಯಲ್ಲಿ ಮೊದಲು ತರಿಸಬೇಕಾದದ್ದು ಅದನ್ನೇ.

ಇಂತಿ,
ಜವಳಿ ವ್ಯಾಪಾರದ ಇಬ್ಬರು ಓದುಗರು, ಉಡುಪಿ